ಐರ್ಲೆಂಡಿನ ಮೊಮ್ಮಗಳಿಗೆ ಕುಂದಾಪುರದ ಪಾಠ

ನಮ್ಮ ಮನೆಯ ಫೋನು ಮಧ್ಯಾಹ್ನದ ಹೊತ್ತಿಗೆ ಹೊಡೆದುಕೊಂಡರೆ ಐರ್ಲೆಂಡಿನಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಒಂದು ಮುಗಿಯಿತಪ್ಪಾ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು. ಅದೂ ನಾನು ಯಾರದ್ದೋ ಮದುವೆ ಬ್ಲೌಸಿಗೆ ತೋಳು ಕೂರಿಸುತ್ತಾ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುವಾಗಲೇ ಆಗಬೇಕು. ಸೂಜಿ ತೆಗೆದು ಹಲೋ ಅನ್ನುವಷ್ಟರಲ್ಲಿ ಆ ಕಡೆಯಿಂದ ಅರ್ಧ ಕತೆ ಮುಗಿದಿರುತ್ತದೆ.

ಮೊದಲು ನಮ್ಮ ಪರಿಚಯ ಹೇಳಿಬಿಡುತ್ತೇನೆ. ನಾನು ಕುಂದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಎಂಬತ್ತೆರಡರ ಅಮ್ಮ, ನಾನು, ಮನೆಯಲ್ಲೊಂದು ಹಳೆಯ ಹೊಲಿಗೆ ಮಿಷನ್ನು, ಮೂವರದ್ದೇ ಸಂಸಾರ. ತಂಗಿ ನರ್ಸು. ನಾಲ್ಕು ವರ್ಷದ ಹಿಂದೆ ಗಂಡನನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಐರ್ಲೆಂಡಿಗೆ ಹೋದಳು. ಅವಳ ಗಂಡ ಗಂಗೊಳ್ಳಿಯವನು, ಮೀನು ವ್ಯಾಪಾರದ ಮನೆಯಲ್ಲಿ ಹುಟ್ಟಿದವನು. ಅಲ್ಲಿಯೂ ಮೀನಿನಂಗಡಿಯಲ್ಲೇ ಕತ್ತಿ ಹಿಡಿದಿದ್ದಾನೆ. ಇನ್ನು ಬೈಂದೂರಿನಲ್ಲಿ ಗದ್ದೆ ನೋಡಿಕೊಂಡಿರುವ ಅಣ್ಣ ಒಬ್ಬ ಇದ್ದಾನೆ. ಅವನು ನಮ್ಮಿಬ್ಬರು ತಂಗಿಯರ ಹತ್ತಿರ ಮಾತಾಡುವುದಿಲ್ಲ.

ಕಾರಣ ಹೇಳಿಕೆ. ನಮ್ಮ ಕಡೆ ಒಂದು ಕಾರ್ಯಕ್ಕೆ ಕರೆಯಬೇಕಾದರೆ ಮನೆಗೇ ಹೋಗಿ, ಜಗಲಿಯಲ್ಲಿ ಕೂತು, ಬಾಯಿ ತೆರೆದು ಹೇಳಬೇಕು. ಅದಕ್ಕೆ ಹೇಳಿಕೆ ಅಂತಲೇ ಹೆಸರು. ತಂಗಿ ಹೊರಡುವ ಮುಂಚೆ ಇಟ್ಟುಕೊಂಡ ಊಟಕ್ಕೆ ಅಣ್ಣನಿಗೆ ಹೋದದ್ದು ಮೊಬೈಲಿನಲ್ಲಿ ಒಂದು ಮೆಸೇಜು: ಒಂದು ದೀಪದ ಚಿತ್ರ, ಕೆಳಗೆ ಮುಗಿದ ಎರಡು ಕೈ. ಕಳಿಸಿದವಳು ನಾನೇ. ಮದುವೆ ಸೀಸನ್ನು, ಮೈಮೇಲೆ ನಲವತ್ತು ಬ್ಲೌಸು, ಬೈಂದೂರಿಗೆ ಬಸ್ಸು ಹತ್ತಿ ಹೋಗಿ ಬರಲು ಯಾರಿಗೆ ಪುರುಸೊತ್ತಿತ್ತು? ಅವನು ಬರಲಿಲ್ಲ. ಅಮ್ಮನನ್ನು ನೋಡಲು ವಾರಕ್ಕೊಮ್ಮೆ ಬರುತ್ತಾನೆ, ಆದರೆ ನಾನು ಅಂಗಡಿಗೆ ಹೋದದ್ದು ಖಾತ್ರಿ ಮಾಡಿಕೊಂಡು. ಸಂಜೆ ನಾನು ಮನೆಗೆ ಬಂದರೆ ಜಗಲಿಯಲ್ಲಿ ಎರಡು ತೆಂಗಿನಕಾಯಿ ಇರುತ್ತವೆ, ಅಣ್ಣ ಇರುವುದಿಲ್ಲ. ನಾನೂ ಏನು ಕಡಿಮೆಯವಳಲ್ಲ. ಅವನ ಕಾಯಿ ತುರಿದು ಸಾರು ಮಾಡಿ ಉಂಡಿದ್ದೇನೆ, ಒಂದು ಫೋನು ಮಾಡಿಲ್ಲ.

ಅಮ್ಮನಿಗೆ ಇದೇ ಕೊರಗು. "ನಾನ್ ಇಪ್ಪಷ್ಟ್ ದಿನ ಸಮ. ನಂತ್ರ ನೀವ್ ಮೂರ್ ಜನ ಮೂರ್ ದಿಕ್ಕ್. ಆ ಹೆಣ್ಣ್ ಊರಿಗ್ ಬಂದ್ರೆ ನೆಂಟ್ರ್ ಹಾಂಗೆ ಬಾಗ್ಲಲ್ ನಿಂತ್ಕಂತ್" ಅನ್ನುವುದು ಮೊಮ್ಮಗಳನ್ನು ನೆನೆದು ಅವಳು ದಿನಾ ಆಡುವ ಮಾತು. ಹಾಗಾಗಬಾರದು ಅಂತ ಅವಳೇ ಒಂದು ಶಾಲೆ ತೆರೆದಳು. ಫೋನಿನ ಈ ತುದಿಯಲ್ಲಿ ಅಮ್ಮ, ಆ ತುದಿಯಲ್ಲಿ ಮೊಮ್ಮಗಳು. ನಾನು ಆ ಶಾಲೆಯ ಜವಾನ; ಫೋನು ಹಿಡಿದುಕೊಂಡು ನಿಲ್ಲುವ ಕೆಲಸ.

ಹೊಸ್ತಿಲು

ಮೊದಲ ಪಾಠ ಸೋಣೆ ತಿಂಗಳಿನದ್ದು. ಮಳೆಗಾಲದ ಆ ಒಂದು ತಿಂಗಳು ನಮ್ಮಲ್ಲಿ ಹೆಂಗಸರು ದಿನಾ ಬೆಳಿಗ್ಗೆ ಮಿಂದು ಹೊಸ್ತಿಲಿಗೆ ರಂಗೋಲಿ ಬರೆದು ಹೂವಿಟ್ಟು ಪೂಜೆ ಮಾಡುತ್ತಾರೆ. ಅಮ್ಮ ಕ್ರಮವನ್ನೆಲ್ಲ ಹೇಳಿಕೊಟ್ಟು ಮುಗಿಸಿದ ಮೇಲೆ ಹುಡುಗಿ ಕೇಳಿದಳು, ಹೊಸ್ತಿಲು ಅಂದರೆ ಯಾವುದು ಅಂತ. ಅಲ್ಲಿಯ ಫ್ಲ್ಯಾಟಿಗೆ ಹೊಸ್ತಿಲೇ ಇಲ್ಲ. ಒಳಗಿನ ನೆಲವೂ ಹೊರಗಿನ ನೆಲವೂ ಒಂದೇ ಸಮ.

ಅಮ್ಮ ಒಂದು ದಿನ ಪೂರ್ತಿ ಮಂಕಾಗಿ ಕೂತಳು. ಹೊಸ್ತಿಲಿಲ್ಲದ ಮನೆಗೆ ಲಕ್ಷ್ಮಿ ಹೇಗೆ ಬರುತ್ತಾಳೆ, ಬಂದರೂ ಒಳಗೆ ಬಂದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಮಾರನೆಯ ದಿನ ಹುಡುಗಿಯೇ ಫೋನು ಮಾಡಿ ತೋರಿಸಿದಳು. ಬಾಗಿಲಿಗೆ ಅಡ್ಡವಾಗಿ ಒಂದು ದಪ್ಪ ಹಲಗೆ ಇಟ್ಟಿದ್ದಳು. ಹಲಗೆಯ ಮೇಲೆ ಅಕ್ಕಿ ಹಿಟ್ಟಿನ ರಂಗೋಲಿ, ಅರಿಶಿನ, ಕುಂಡದಲ್ಲಿ ಬಿಟ್ಟ ಎರಡು ಹೂವು. ಅಮ್ಮನ ಕಣ್ಣಲ್ಲಿ ನೀರು ಬಂತು. ಹಲಗೆ ಅಲ್ಲಲ್ಲಿ ಬೆಳ್ಳಿಯ ಹಾಗೆ ಮಿಂಚುತ್ತದಲ್ಲ, ಏನು ಹಚ್ಚಿದ್ದೀರಿ ಅಂತ ಕೇಳಿದಳು.

ತಂಗಿಯ ಗಂಡ ಹಿಂದೆ ನಿಂತವನು ತಲೆ ತುರಿಸಿಕೊಂಡ. ಮಿಂಚುತ್ತಿದ್ದದ್ದು ಮೀನಿನ ಪೊರೆ. ಅವನು ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಮೀನು ಕತ್ತರಿಸುವ ಹಳೆಯ ಹಲಗೆ ಅದು. ನಾನು ಅಮ್ಮನ ಮುಖ ನೋಡಿದೆ. ಅಮ್ಮ, ಗಂಗೊಳ್ಳಿಯವರ ಮನೆಗೆ ಲಕ್ಷ್ಮಿ ಬಂದದ್ದೇ ಮೀನಿನ ಬುಟ್ಟಿಯಲ್ಲಿ, ಅಡ್ಡಿಲ್ಲ, ನಾಳೆಯಿಂದ ಉಪ್ಪು ಹಾಕಿ ತಿಕ್ಕಿ ತೊಳೆಯಿರಿ ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ್ತಿಲು ತುಳಿಯಬಾರದು ಅಂತಲೂ ಪಾಠದಲ್ಲಿ ಇತ್ತು. ಪಾರ್ಸೆಲು ತರುವ ಬಿಳಿಯ ಮನುಷ್ಯನನ್ನು ಹುಡುಗಿ ದಿನಾ ಹಲಗೆ ದಾಟಿಸಿ ಒಳಗೆ ಕರೆದೇ ಸಹಿ ಹಾಕಿಕೊಟ್ಟಳು. ತಿಂಗಳು ಮುಗಿಯುವಷ್ಟರಲ್ಲಿ ಅವನು ಹಲಗೆ ಇಲ್ಲದ ಪಕ್ಕದ ಫ್ಲ್ಯಾಟಿನ ಮುಂದೆಯೂ ಕಾಲು ಎತ್ತಿ ಇಡಲು ಶುರು ಮಾಡಿದ್ದನಂತೆ. ಅದನ್ನು ಕೇಳಿ ಅಮ್ಮ ನನ್ನ ಕಡೆ ತಿರುಗಿ, ನೀನು ಐವತ್ತು ವರ್ಷವಾದರೂ ಹೊಸ್ತಿಲ ಮೇಲೆ ನಿಂತೇ ಹರಟೆ ಹೊಡೆಯುತ್ತೀ, ಅವನನ್ನು ಕಂಡು ಕಲಿ ಅಂದಳು.

ಬಲೀಂದ್ರ

ದೀಪಾವಳಿಗೆ ನಮ್ಮಲ್ಲಿ ಗದ್ದೆಗೆ ಹೋಗಿ ದೀಪ ಇಟ್ಟು ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, ಕರೆಯುತ್ತಾರೆ. ಕರೆಯುವುದು ಅಂದರೆ ಪಿಸುಮಾತಿನಲ್ಲಲ್ಲ. ಹೊಟ್ಟೆಯಿಂದ ಸ್ವರ ತೆಗೆದು, ಕೂ ಅಂತ ಮೂರು ಸಲ, ಆಚೆ ಗದ್ದೆಯವರಿಗೂ ಕೇಳಬೇಕು. ಅವರೂ ತಿರುಗಿ ಕೂ ಅನ್ನಬೇಕು. ಹಾಗೆ ಊರಿಡೀ ಕೂಗು.

ತಂಗಿಗೆ ಆ ದಿನ ಆಸ್ಪತ್ರೆಯಲ್ಲಿ ಡ್ಯೂಟಿ. ಅಪ್ಪ ಮಗಳು ಇಬ್ಬರೇ. ಗದ್ದೆ ಎಲ್ಲಿಂದ ತರುವುದು? ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆದ ಒಂದು ಕುಂಡ ಇತ್ತು. ಅದಕ್ಕೇ ಕೋಲು ನೆಟ್ಟು, ದೀಪ ಇಟ್ಟು, ಸಂಜೆ ಐದೂವರೆಗೆ ಹುಡುಗಿ ಬಾಯಿಗೆ ಎರಡು ಕೈ ಹಿಡಿದು ಕೂ ಅಂದಳು. ಮೊದಲ ಸಲ ಎಲ್ಲಾ ಸುಮ್ಮನಿತ್ತು. ಎರಡನೆಯ ಸಲ ಎದುರಿನ ಫ್ಲ್ಯಾಟಿನ ಒಂಟಿ ಮುದುಕಿಯೊಬ್ಬಳು ಕಿಟಕಿ ತೆಗೆದಳು. ಮೂರನೆಯ ಸಲಕ್ಕೆ ಅವಳೂ ಕೂ ಅಂದಳು. ಮೇಲಿನ ಮನೆಯ ಮಕ್ಕಳು ಸೇರಿಕೊಂಡರು, ಕೆಳಗಿನ ನಾಯಿ ಸೇರಿಕೊಂಡಿತು.

ಹತ್ತು ನಿಮಿಷದಲ್ಲಿ ಕಟ್ಟಡ ನೋಡಿಕೊಳ್ಳುವವನು ಬಾಗಿಲು ತಟ್ಟಿದ. ತಂಗಿಯ ಗಂಡನ ಇಂಗ್ಲಿಷು ಮೀನಿನ ಹೆಸರು ದಾಟಿ ಹೆಚ್ಚು ಹೋಗುವುದಿಲ್ಲ, ಹಾಗಾಗಿ ಹುಡುಗಿಯೇ ಮುಂದೆ ಬಂದು ಎಲ್ಲ ವಿವರಿಸಿದಳಂತೆ. ನಮ್ಮ ಊರಿಗೆ ಹಿಂದೆ ಒಬ್ಬ ಒಳ್ಳೆಯ ರಾಜ ಇದ್ದ, ಅವನನ್ನು ಕಳಿಸಿಬಿಟ್ಟರು, ಆದರೂ ವರ್ಷಕ್ಕೊಮ್ಮೆ ತನ್ನ ಜನ ಉಂಡರಾ, ಸುಖವಾಗಿದ್ದಾರಾ ಅಂತ ನೋಡಿ ಹೋಗಲು ಬರುತ್ತಾನೆ, ನಾವು ಹೊಸ ಜಾಗಕ್ಕೆ ಬಂದದ್ದು ಅವನಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಜೋರಾಗಿ ಕರೆದದ್ದು ಅಂತ.

ಆ ಮನುಷ್ಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದನಂತೆ, ರಾಜರು ಎಷ್ಟು ಹೊತ್ತಿಗೆ ಬರುತ್ತಾರೆ, ಅವರ ಕಾರಿಗೆ ಪಾರ್ಕಿಂಗ್ ಬೇಕಾಗುತ್ತದೋ ಅಂತ.

ಮೆಣಸಿನ ಹೊಗೆ

ಶಾಲೆಯ ಓಟದಲ್ಲಿ ಹುಡುಗಿಗೆ ಮೊದಲ ಬಹುಮಾನ ಬಂತು. ಆ ರಾತ್ರಿಯೇ ಜ್ವರ. ತಂಗಿ ನರ್ಸು, ಜ್ವರಕ್ಕೆ ಔಷಧ ಕೊಟ್ಟಳು. ಅಮ್ಮನ ಪ್ರಕಾರ ಅದು ಜ್ವರವೇ ಅಲ್ಲ, ದೃಷ್ಟಿ. ಅಷ್ಟು ಜನ ಬಿಳಿಯರು ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಮಗುವಿಗೆ ಆಗದೇ ಇರುತ್ತದಾ? ಉಪ್ಪು, ಸಾಸಿವೆ, ಒಣಮೆಣಸು ತಲೆಗೆ ಮೂರು ಸುತ್ತು ಸುಳಿದು, ನಿವಾಳಿಸಿ ಬೆಂಕಿಗೆ ಹಾಕು ಅಂತ ಅಪ್ಪಣೆಯಾಯಿತು.

ತಂಗಿ ಬೇಡ ಅಂದಳು. ಅಮ್ಮ ಎರಡು ದಿನ ಫೋನಿಗೆ ಬರಲಿಲ್ಲ. ಮೂರನೆಯ ದಿನ ತಂಗಿ ಮೆಣಸು ಸುಳಿದಳು. ಹಾಕಿದ್ದು ಬೆಂಕಿಗಲ್ಲ, ಬಾಣಲೆಗೆ, ಆದರೆ ಹಾಕಿದ್ದು ನಮ್ಮ ಊರಿನಿಂದ ನಾನೇ ಕಟ್ಟಿಕೊಟ್ಟ ಮೆಣಸು. ಹೊಗೆ ಎದ್ದದ್ದೇ ತಡ, ತಲೆಯ ಮೇಲೆ ಮಾಡಿಗೆ ಅಂಟಿಸಿದ, ಹೊಗೆ ಕಂಡರೆ ಕೂಗುವ ಯಂತ್ರ ಕಿರುಚಿಕೊಂಡಿತು, ಆಮೇಲೆ ಇಡೀ ಕಟ್ಟಡದ ಯಂತ್ರಗಳು ಕಿರುಚಿಕೊಂಡವು. ಜನರೆಲ್ಲ ಚಳಿಯಲ್ಲಿ ಕಂಬಳಿ ಹೊದ್ದು ರಸ್ತೆಗೆ ಬಂದು ನಿಂತರು. ಬೆಂಕಿ ಆರಿಸುವ ಗಾಡಿ ಬಂತು. ದೊಡ್ಡ ದೊಡ್ಡ ಬೂಟಿನ ನಾಲ್ಕು ಜನ ಒಳಗೆ ನುಗ್ಗಿದವರು ಕಣ್ಣು ಮೂಗು ಒರೆಸಿಕೊಂಡು ಕೆಮ್ಮುತ್ತಾ ಹೊರಗೆ ಬಂದರು.

ತಂಗಿ ಅಳುತ್ತಾ ಫೋನು ಮಾಡಿದಳು. ನಾಚಿಕೆಯಿಂದ ಸತ್ತೆ ಅಕ್ಕ ಅಂದಳು. ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಕೇಳಿದ್ದು ಒಂದೇ ಪ್ರಶ್ನೆ, ಎಲ್ಲರಿಗೂ ಕೆಮ್ಮು ಬಂತಾ ಅಂತ. ನಾಲ್ಕು ಜನಕ್ಕೂ ಬಂತು, ಇಡೀ ಕಟ್ಟಡಕ್ಕೇ ಬಂತು ಅಂದಳು ತಂಗಿ. ದೃಷ್ಟಿಯಾಗಿದ್ದರೆ ಮೆಣಸು ಸುಟ್ಟರೂ ಘಾಟು ಏಳುವುದಿಲ್ಲ ಅನ್ನುವುದು ನಮ್ಮ ಕಡೆಯ ಲೆಕ್ಕ.

"ಹಾಂಗಾರ್ ದೃಷ್ಟಿ ಆಯ್ಲಿಲ್ಲೆ" ಅಂದಳು ಅಮ್ಮ. "ಸುಮ್ನೆ ಮೆಣ್ಸ್ ದಂಡ. ಅದಕ್ ಜ್ವರದ್ ಮದ್ದ್ ಕೊಡ್."

ಬೆಲ್ಲದ ನೀರು

ಕಳೆದ ವರ್ಷ ಬೇಸಿಗೆಯಲ್ಲಿ ಮೂವರೂ ಊರಿಗೆ ಬಂದರು. ಅಮ್ಮ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಕೂತಿದ್ದಳು. ಕಾರು ಬಂತು, ಹುಡುಗಿ ಇಳಿದಳು, ಓಡಿ ಬಂದಳು, ಬಾಗಿಲ ಹತ್ತಿರ ಬಂದು ಥಟ್ಟನೆ ನಿಂತುಬಿಟ್ಟಳು. ಅಮ್ಮನ ಮುಖ ಸಣ್ಣದಾಯಿತು. ಅವಳು ಮೂರು ವರ್ಷದಿಂದ ಹೆದರಿದ್ದು ಅದಕ್ಕೇ ತಾನೆ? ನೆಂಟರ ಹಾಗೆ ಬಾಗಿಲಲ್ಲಿ ನಿಲ್ಲುವುದು.

ಹುಡುಗಿ ಕೆಳಗೆ ನೋಡಿ, "ಅಮ್ಮಮ್ಮ, ಹೊಸ್ತಿಲ್ ಮೇಲ್ ಚಪ್ಪಲ್ ಬಿಟ್ಟದ್ದ್ ಯಾರ್?" ಅಂದಳು. ಬಿಟ್ಟವಳು ನಾನು. ಅವತ್ತು ಇಬ್ಬರ ಹತ್ತಿರವೂ ಬೈಸಿಕೊಂಡೆ.

ಆದರೆ ಒಂದು ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹುಡುಗಿ ಕನ್ನಡ ಕಲಿತದ್ದು ಎಂಬತ್ತೆರಡರ ಮುದುಕಿಯ ಬಾಯಿಂದ. ಮಾತಿನ ಜೊತೆಗೆ ಮಾತಾಡುವ ಕ್ರಮವೂ ಬಂದುಬಿಟ್ಟಿದೆ. ನಮ್ಮ ಪಕ್ಕದ ಮನೆಯ ಮಕ್ಕಳು ಇಂಗ್ಲಿಷ್ ಶಾಲೆಯವರು, ಕುಂದಾಪುರದಲ್ಲೇ ಹುಟ್ಟಿ ಬೆಳೆದವರು, ಅವರ ಹತ್ತಿರ ಹುಡುಗಿ ಮಾತಾಡಿದರೆ ಅವು ಬಾಯಿ ಬಿಟ್ಟುಕೊಂಡು ನೋಡುತ್ತವೆ.

ಒಂದು ದಿನ ಅವಳನ್ನು ಪೇಟೆಗೆ ಕರೆದುಕೊಂಡು ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜ್ಯೂಸ್ ಅಂಗಡಿ. ಅವಳ ಟೊಪ್ಪಿ, ಶೂಸು ನೋಡಿ ಅಂಗಡಿಯವನು ಬಗ್ಗಿ ಇಂಗ್ಲಿಷಿನಲ್ಲಿ ಏನು ಬೇಕು ಬೇಬಿ ಅಂತ ಕೇಳಿದ. ಹುಡುಗಿ ಒಂದು ಕೈ ಸೊಂಟಕ್ಕೆ ಕೊಟ್ಟು, ಉಸ್ಸಪ್ಪಾ ಅಂತ ಸ್ಟೂಲಿನ ಮೇಲೆ ಕೂತು, "ಹ್ವಾಯ್, ಒಂಚೂರ್ ಬೆಲ್ಲದ್ ನೀರ್ ಇತ್ತಾ? ಗಂಟ್ಲ್ ಒಣ್ಗಿ ಹೋಯ್ತ್. ಈ ಸೆಕಿಯಂಗೆ ಸೊಂಟ ಬೇರೆ ಹಿಡ್ಕಂಡಿತ್" ಅಂದಳು.

ಅಂಗಡಿಯವನು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ. ನನ್ನ ಕಡೆ ನೋಡಿ ಈ ಹೆಣ್ಣು ಯಾವೂರು ಅಂತ ಕೇಳಿದ. ಐರ್ಲೆಂಡು ಅಂದೆ. ಅವನು ಗಲ್ಲ ತುರಿಸಿಕೊಂಡು ಬೈಂದೂರಿನ ದಿಕ್ಕಿಗೆ ಕೈ ತೋರಿಸಿದ.

"ಅದ್ ಶಿರೂರಿಂದ ಆಚಿಗಾ, ಈಚಿಗಾ?"

ಆ ಇಪ್ಪತ್ತು ದಿನದಲ್ಲಿ ಅಣ್ಣ ಒಂದು ಸಲವೂ ನಮ್ಮ ಮನೆಗೆ ಬರಲಿಲ್ಲ. ಗೋಡೆಯ ಮೇಲಿನ ಫೋಟೋ ತೋರಿಸಿ ಇದು ಯಾರು ಅಂತ ಹುಡುಗಿ ಕೇಳಿದಳು. ನಿನ್ನ ಮಾವ ಅಂದಳು ಅಮ್ಮ. ಮಾವ ಯಾಕೆ ಬರುವುದಿಲ್ಲ ಅಂತಲೂ ಕೇಳಿದಳು. ನಾನು ಮಿಷನ್ನಿಗೆ ಎಣ್ಣೆ ಹಾಕುವ ನೆಪದಲ್ಲಿ ಎದ್ದು ಹೋದೆ. ಒಂದು ಎಂಟು ವರ್ಷದ ಮಗುವಿಗೆ ದೀಪದ ಚಿತ್ರದ ಕತೆ ಹೇಳುವುದು ಹೇಗೆ?

ಹೊಸ್ತು

ಎಲ್ಲಕ್ಕಿಂತ ದೊಡ್ಡದಾದದ್ದು ಈ ಸಲದ ಹೊಸ್ತು. ಹೊಸ ಭತ್ತದ ತೆನೆ ತಂದು ಮನೆಯ ಕಂಬಕ್ಕೆ, ಬಾವಿಗೆ, ಬಾಗಿಲಿಗೆಲ್ಲ ಕಟ್ಟಿ, ಹೊಸ ಅಕ್ಕಿಯ ಅನ್ನ ಉಣ್ಣುವ ಹಬ್ಬ ಅದು. ನಾನು ಹೊಲಿಗೆ ಮಿಷನ್ನಿಗೂ ಒಂದು ಕಟ್ಟುತ್ತೇನೆ. ಅನ್ನ ಹಾಕುವುದು ಅದೇ ತಾನೆ. ಐರ್ಲೆಂಡಿನಲ್ಲಿ ಭತ್ತ ಎಲ್ಲಿಂದ ಬರಬೇಕು? ಹುಡುಗಿ ಅಪ್ಪನನ್ನು ಕರೆದುಕೊಂಡು ಹೋಗಿ ಒಬ್ಬ ರೈತನ ಹತ್ತಿರ ಬಾರ್ಲಿಯ ಒಂದು ಹಿಡಿ ತೆನೆ ಕೇಳಿ ತಂದು ಮೊದಲೇ ಒಣಗಿಸಿ ಇಟ್ಟಿದ್ದಳು. ಫ್ರಿಜ್ಜಿಗೆ, ಕಾರಿಗೆ, ಬಟ್ಟೆ ಒಗೆಯುವ ಮಿಷನ್ನಿಗೆ ಕಟ್ಟಿದ್ದಾಯಿತು. ತೆನೆ ಯಾವುದಾದರೂ ತೆನೆಯೇ ಅಂತ ಅಮ್ಮನೂ ಒಪ್ಪಿದಳು.

ಈ ಹಬ್ಬದಲ್ಲಿ ಒಂದು ಕ್ರಮ ಇದೆ. ಎಲೆಯ ಮುಂದೆ ಕೂತ ಮೇಲೆ ಮೊದಲ ತುತ್ತಿಗೆ ಮುಂಚೆ, ತನಗಿಂತ ದೊಡ್ಡವರು ಯಾರ್ಯಾರಿದ್ದಾರೋ ಅವರಿಗೆಲ್ಲ 'ಹೊಸ್ತ್ ಉಂತೆ', ಅಂದರೆ ಹೊಸತು ಉಣ್ಣುತ್ತೇನೆ ಅಂತ ಹೇಳಬೇಕು. ಅವರು 'ಉಣ್' ಅನ್ನಬೇಕು. ಆಮೇಲೆಯೇ ಊಟ. ಅಮ್ಮ ಈ ಪಾಠವನ್ನು ಬಹಳ ಗಟ್ಟಿಯಾಗಿ ಮಾಡಿದ್ದಳು, ಒಬ್ಬರನ್ನೂ ಬಿಡುವ ಹಾಗಿಲ್ಲ ಅಂತ.

ಭಾನುವಾರ. ನಮಗೆ ಮಧ್ಯಾಹ್ನ ಒಂದು ಗಂಟೆ, ಅವರಿಗೆ ಬೆಳಿಗ್ಗೆ ಎಂಟೂವರೆ. ಫೋನನ್ನು ತಂಬಿಗೆಗೆ ಒರಗಿಸಿಟ್ಟು ನಾನೂ ಅಮ್ಮನೂ ಎಲೆಯ ಮುಂದೆ ಕೂತೆವು. ಅಲ್ಲಿ ಅವರು ಮೂವರು. ಹುಡುಗಿ ಅಪ್ಪನಿಗೆ ಹೇಳಿದಳು, ಅಮ್ಮನಿಗೆ ಹೇಳಿದಳು, ಅಮ್ಮಮ್ಮನಿಗೆ, ನನಗೆ ಹೇಳಿದಳು. ಎಲ್ಲರೂ ಉಣ್ ಅಂದೆವು. ನಾನು ಅಮ್ಮನಿಗೆ ಹೇಳಿ ತುತ್ತು ಎತ್ತಿದೆ.

ಆಗ ಹುಡುಗಿ ಕೇಳಿದಳು, ದೊಡ್ಡಮ್ಮ, ಮಾವ ನಿನಗಿಂತ ದೊಡ್ಡವರಲ್ಲವಾ, ಅವರಿಗೆ ಹೇಳಿದೆಯಾ ಅಂತ. ನಾನು ನಾಲ್ಕು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಹೇಳಿದೆ: ಬೈಂದೂರಿನ ದಿಕ್ಕಿಗೆ ಮುಖ ಮಾಡಿ ಮನಸ್ಸಿನಲ್ಲೇ ಹೇಳಿದ್ದೇನೆ. ಮಾವ ಮನಸ್ಸಿನಲ್ಲೇ ಉಣ್ ಅಂದದ್ದು ನಿನಗೆ ಕೇಳಿಸಿತಾ ಅಂದಳು. ನನ್ನ ತುತ್ತು ಎಲೆಗೆ ವಾಪಸ್ಸು ಇ‍ಳಿಯಿತು.

ತಂಗಿ ಅಲ್ಲಿಂದ ಸುಮ್ಮನಿರು ಅಂದಳು. ಹುಡುಗಿ ಸುಮ್ಮನಿರಲಿಲ್ಲ. ತನ್ನ ಅಮ್ಮನ ಫೋನು ತೆಗೆದುಕೊಂಡು ಮಾವನಿಗೆ ಕರೆ ಮಾಡಿಯೇ ಬಿಟ್ಟಳು. ಎರಡೂ ಫೋನು ಅಕ್ಕಪಕ್ಕ ಇದ್ದದ್ದರಿಂದ ನಮಗೂ ಕೇಳಿಸುತ್ತಿತ್ತು. ಅಣ್ಣ ಹೊರದೇಶದ ನಂಬರು ನೋಡಿ, ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವರು ಅಂತ ತಿಳಿದುಕೊಂಡಿರಬೇಕು. ಹುಡುಗಿ ಹಲೋ ಅನ್ನುವ ಮುಂಚೆಯೇ ಅವರ ಅಪ್ಪ ಅಜ್ಜನ ಕಾಲದಿಂದ ಹಿಡಿದು ಬೈದ. ನನ್ನ ಖಾತೆಯಲ್ಲಿ ಏನೂ ಇಲ್ಲ, ನಿಮ್ಮ ಮನೆ ಹಾಳಾಗ ಅಂದ. ಹುಡುಗಿ ಅಷ್ಟನ್ನೂ ತಾಳ್ಮೆಯಿಂದ ಕೇಳಿ, ಮುಗಿದ ಮೇಲೆ, "ಮಾವ, ನಾನ್ ಹೊಸ್ತ್ ಉಂತೆ" ಅಂದಳು.

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಅಣ್ಣನ ಸ್ವರ ಬಂತು, ನಾಲ್ಕು ವರ್ಷದ ಮೇಲೆ ಮೊದಲ ಸಲ ನನ್ನ ಅಡಿಗೆಮನೆಯಲ್ಲಿ. "ಉಣ್ ಮಗಾ. ಒಳ್ಳೆದಾಯ್ಲಿ." ತಂಗಿಯೂ ಹಿಂದಿನಿಂದ ಅಳುತ್ತಲೇ ಹೊಸ್ತ್ ಉಂತೆ ಅಣ್ಣಾ ಅಂದಳು. ಅವಳಿಗೂ ಉಣ್ ಅಂದ. ಇನ್ನು ದೊಡ್ಡಮ್ಮ ಹೇಳಬೇಕು ಅಂತ ಹುಡುಗಿ ಒಂದು ಫೋನನ್ನು ಇನ್ನೊಂದರ ಹತ್ತಿರ ಹಿಡಿದಳು.

"ಅದ್ ಆತಿಲ್ಲೆ" ಅಂದ ಅಣ್ಣ. "ಸಮುದ್ರ ದಾಟಿ ಇಪ್ಪರಿಗ್ ಫೋನ್ ಅಡ್ಡಿಲ್ಲೆ. ಬಸ್ಸಂಗೆ ಒಂದ್ ಗಂಟಿ ದಾರಿಲ್ ಇಪ್ಪರ್ ಮನಿಗ್ ಬಂದೇ ಹೇಳ್ಕ್."

ನಾನು ಅವನ ಮನೆಗೇ ಹೋಗಿ ಹೇಳಬೇಕಂತೆ! ನನಗೆ ಸಿಟ್ಟು ನೆತ್ತಿಗೇರಿತು. ಸಾಯಲಿ, ನಾನು ಉಣ್ಣುತ್ತೇನೆ ಅಂದೆ. ದೊಡ್ಡಮ್ಮ ಉಣ್ಣಬಾರದು ಅಂದಳು ಹುಡುಗಿ. ಹಾಗಾದರೆ ನಾನು ಉಪವಾಸ ಇರುತ್ತೇನೆ, ನೀವು ಉಣ್ಣಿ ಅಂದೆ. ದೊಡ್ಡಮ್ಮ ಉಣ್ಣದೆ ನಾನೂ ಉಣ್ಣುವುದಿಲ್ಲ ಅಂದಳು. ಅವಳು ಉಣ್ಣದೆ ತಂಗಿ ಹೇಗೆ ಉಣ್ಣಬೇಕು, ಮಕ್ಕಳು ಉಣ್ಣದೆ ಅಮ್ಮ ಹೇಗೆ ಉಣ್ಣಬೇಕು? ಎರಡು ದೇಶದಲ್ಲಿ ಐದು ಎಲೆಗಳು ಹಾಗೇ ಕೂತವು. ಕೊನೆಗೆ ಹುಡುಗಿ ಸಣ್ಣ ಸ್ವರದಲ್ಲಿ, ಮಾವ, ಹಸಿವಾಗುತ್ತದೆ ಅಂದಳು.

ಅಣ್ಣ ಏನೂ ಹೇಳದೆ ಫೋನು ಇಟ್ಟ. ಕಲ್ಲು ಮನಸ್ಸಿನವನು ಅಂತ ನಾನು ಇನ್ನೊಂದಿಷ್ಟು ಬೈದೆ. ಮುಕ್ಕಾಲು ಗಂಟೆ ಕಳೆದಿರಬಹುದು, ಅಂಗಳದಲ್ಲಿ ಬೈಕು ನಿಂತ ಸದ್ದಾಯಿತು. ಅಣ್ಣ ಬೈಂದೂರಿನಿಂದ ಆ ಬಿಸಿಲಲ್ಲಿ ಬಂದಿದ್ದ. ನನ್ನ ಮುಖ ನೋಡದೆ ಸೀದಾ ಒಳಗೆ ಬಂದು ನನ್ನ ಎಲೆಯ ಮುಂದೆ ನಿಂತ.

ನಾಲ್ಕು ವರ್ಷದಿಂದ ಅವನಿಗೆ ಅನ್ನಬೇಕು ಅಂತ ನಾನು ಕೂಡಿಟ್ಟ ಮಾತುಗಳಿಗೆ ಲೆಕ್ಕವಿಲ್ಲ. ಮಿಷನ್ ತುಳಿಯುವಾಗಲೆಲ್ಲ ಒಂದೊಂದು ಹೊಸೆದು ಇಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಅಣ್ಣಾ, ಹೊಸ್ತ್ ಉಂತೆ" ಅಂದೆ. ಅಷ್ಟಕ್ಕೇ ಅತ್ತುಬಿಟ್ಟೆ. ಮನೆಗೆ ಬಂದು ಹೇಳಬೇಕಿತ್ತು, ತಪ್ಪಾಯಿತು ಅಂತಲೂ ಹೇಳಿದೆ. ಅವನೂ ಗೋಡೆಯ ಕಡೆ ತಿರುಗಿ ಟವೆಲಿನಲ್ಲಿ ಕಣ್ಣು ಒರೆಸಿಕೊಂಡು, ಉಣ್, ಒಳ್ಳೆದಾಯ್ಲಿ ಅಂದ. ಆಮೇಲೆ, ನೀನು ಮೆಸೇಜಿನಲ್ಲಾದರೂ ಎರಡು ಕೈ ಮುಗಿದಿದ್ದೆ, ಈಗ ಅದೂ ಇಲ್ಲ ಅಂತ ಸೇರಿಸಿದ. ಸಣ್ಣದರಿಂದಲೂ ಅವನು ಹಾಗೆಯೇ.

ಎಲ್ಲ ಸರಿಯಾಯಿತಪ್ಪಾ ಅನ್ನುವಾಗ ಫೋನಿನಿಂದ ಹುಡುಗಿಯ ಸ್ವರ. ಮಾವ ಅಮ್ಮಮ್ಮನಿಗೆ ಹೇಳಿದರಾ?

ಅಣ್ಣ ಫ್ಯಾನಿನ ಕಡೆ ನೋಡಿದ. ಅಮ್ಮ ಅಣ್ಣನ ಮೀಸೆಯ ಕಡೆ ನೋಡಿದಳು. ಮೀಸೆಯ ತುದಿಯಲ್ಲಿ ಹೊಸ ಅಕ್ಕಿಯ ಪಾಯಸದ ಒಂದು ಅಗುಳು ಇನ್ನೂ ಅಂಟಿಕೊಂಡಿತ್ತು. ಹನ್ನೆರಡಕ್ಕೇ ಗಡದ್ದಾಗಿ ಉಂಡು ಬಂದಿದ್ದಾನೆ ಪುಣ್ಯಾತ್ಮ. ಈ ಸಲ ಮಾತ್ರ ಅಲ್ಲ, ನಾಲ್ಕು ವರ್ಷವೂ ಹಾಗೆಯೇ. ಹೊಸ್ತಿನ ದಿನ ಅಂಗಡಿಗೆ ರಜೆ, ನಾನು ಮನೆಯಲ್ಲಿರುತ್ತೇನೆ, ಅದಕ್ಕೇ ಅವನು ಅಮ್ಮನಿಗೆ ಹೊಸ್ತು ಹೇಳಲು ಬರದೇ ಉಂಡದ್ದು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅಂತ ನಾನು ಹೇಳಿಯೇ ಬಿಟ್ಟೆ. ಆ ಸಂತೋಷ ಬಿಡುವವಳಲ್ಲ ನಾನು. ಅರವತ್ತು ದಾಟಿದ ಅಣ್ಣ ತಲೆ ತಗ್ಗಿಸಿ, ಅಮ್ಮಾ, ಹೊಸ್ತ್ ಉಂತೆ ಅಂದ. ಕೂತ್ಕೊ ಮಾಣಿ, ಇನ್ನೊಮ್ಮೆ ಉಣ್ ಅಂತ ಅಮ್ಮ ಅವನಿಗೂ ಎಲೆ ಹಾಕಿಸಿದಳು.

ಈಗ ಎಲ್ಲರೂ ತುತ್ತು ಎತ್ತಿದೆವು. ಹುಡುಗಿಯೂ ಬಾಯಿ ತುಂಬ ಹಾಕಿಕೊಂಡಳು. ಅಗಿಯುತ್ತಲೇ ಕೇಳಿದಳು, ಅಮ್ಮಮ್ಮ, ನೀನು ಯಾರಿಗೆ ಹೇಳುವುದು ಅಂತ.

ಅದನ್ನು ಇಷ್ಟು ವರ್ಷದಲ್ಲಿ ನಾವು ಯಾರೂ ಕೇಳಿರಲಿಲ್ಲ. ಅಮ್ಮನಿಗಿಂತ ದೊಡ್ಡವರು ಎಲ್ಲ ಹೋಗಿ ಎಷ್ಟೋ ಕಾಲವಾಯಿತು. ಅಮ್ಮ ಸೆರಗು ಸರಿಮಾಡಿಕೊಂಡು ಫೋನಿನ ಕಡೆ ಬಗ್ಗಿದಳು.

"ನಿಂಗೇ ಹೇಳ್ತೆ ಹೆಣೆ. ನಾನ್ ಹೊಸ್ತ್ ಉಂತೆ."

ಹುಡುಗಿ ಅಗಿಯುವುದು ನಿಲ್ಲಿಸಿದಳು. ಎಡಗೈಯನ್ನು ಸೊಂಟಕ್ಕೆ ಕೊಟ್ಟಳು. "ಫೋನಂಗ್ ಆತಿಲ್ಲೆ ಅಮ್ಮಮ್ಮ. ಮಾವ ಮನಿಗ್ ಬಂದ್ರಲ್ದಾ? ನೀನೂ ಇಲ್ಲಿಗ್ ಬಂದೇ ಹೇಳ್ಕ್."

ನಾವು ಮೂವರು ಮಕ್ಕಳೂ ಒಟ್ಟಿಗೆ ನಕ್ಕೆವು. ಅಮ್ಮ ನಗಲಿಲ್ಲ. ಎತ್ತಿದ ತುತ್ತನ್ನು ಮೆಲ್ಲಗೆ ಎಲೆಗೆ ಇಳಿಸಿ, ಅಣ್ಣನ ಕಡೆ ತಿರುಗಿದಳು.

"ಮಾಣಿ, ನಾಳೆ ಸೋಮವಾರ ಅಲ್ದಾ? ಪಾಸ್‌ಪೋರ್ಟಿನ್ ಆಪೀಸ್ ಎಷ್ಟ್ ಗಂಟಿಗ್ ತೆಗಿತ್ರ್?"